ಸರಸಕ್ಕ ಶಿರಾಲಿಗೆ ಹೋಗಿಬಂದದ್ದು

ಉಪ್ಪುಂದದಲ್ಲಿ ಮೀನು ಮಾರುವ ಸರಸಕ್ಕನ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಉಳಿದ ಮೂರರಲ್ಲೇ ಮೀನು ಹಿಡಿದು, ಕಾಲಲ್ಲಿ ಒತ್ತಿಹಿಡಿದ ಮೆಟ್ಟುಕತ್ತಿಗೆ ಕೊಡುತ್ತಾರೆ. 2011ರ ಮೇ ತಿಂಗಳಲ್ಲಿ ಗಂಡ ಗಣಪ ದೋಣಿಯ ಹುಟ್ಟಿನಿಂದ ಹೊಡೆದು ಮುರಿದ ಬೆರಳುಗಳವು. ಆಗ ಅವರಿದ್ದದ್ದು ಉತ್ತರ ಕನ್ನಡದ ಶಿರಾಲಿಯಲ್ಲಿ. ಮರುದಿನವೇ ಮಗಳು ನವ್ಯಾಳನ್ನು ಕರೆದುಕೊಂಡು ಉಪ್ಪುಂದದ ಅಣ್ಣ ಚಂದಯ್ಯನ ಮನೆಗೆ ಬಂದರು. ನಾಚಿಕೆಯಿಂದ ಪೊಲೀಸರಿಗೆ ದೂರು ಕೊಡಲಿಲ್ಲ.

ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಅಲ್ಲಿ ಸೋದರಮಾವನೇ ಹಿರಿಯ. ಹಾಗಾಗಿ ನವ್ಯಾಳನ್ನು ಇಲ್ಲಿನ ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಪೋಷಕರ ಜಾಗದಲ್ಲಿ ಚಂದಯ್ಯ ತಮ್ಮ ಹೆಸರು ಬರೆದರು. ತಾಯಿಯೂ ಇಲ್ಲೇ ಇದ್ದಾಳೆಂದು ಬರೆಯಲಿಲ್ಲ. ಅದು ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ.

ಆಗಸ್ಟ್‌ನಲ್ಲಿ ನವ್ಯಾಳಿಂದಾಗಿ ನಮ್ಮೂರ ಶಾಲೆಯ ಕಬಡ್ಡಿ ತಂಡ ವಲಯ ಮಟ್ಟದಲ್ಲಿ ಗೆದ್ದಿತು. ಸೋತ ಶಾಲೆಯವರು ತಕರಾರು ಬರೆದುಕೊಟ್ಟರು: ಹುಡುಗಿ ಬೇರೆ ಜಿಲ್ಲೆಯವಳು, ಹೆತ್ತವರು ಅಲ್ಲೇ ಇದ್ದಾರೆ, ಆಟಕ್ಕೆಂದೇ ಕರೆತಂದಿದ್ದಾರೆ. ಮಗಳು ಇಲ್ಲೇ ವಾಸವಿದ್ದಾಳೆಂದು ಶನಿವಾರದೊಳಗೆ ತಂದೆಯ ಸಹಿಯುಳ್ಳ ಪತ್ರ ತರಬೇಕು, ಇಲ್ಲದಿದ್ದರೆ ನವ್ಯಾ ಬ್ರಹ್ಮಾವರದ ಜಿಲ್ಲಾ ಪಂದ್ಯದಲ್ಲಿ ಆಡುವಂತಿಲ್ಲ ಎಂದರು ದೈಹಿಕ ಶಿಕ್ಷಣಾಧಿಕಾರಿ.

"ನಾ ಅಲ್ಲಿಗ್ ಹೋರೆ ಅವ್ನ್ ಕೊಂದೇ ಬಪ್ಪುದ್" ಎಂದರು ಚಂದಯ್ಯ.

"ನೀ ಜೈಲಿಗ್ ಹೋರೆ ಮನಿ ಕಾಂಬುದ್ ಯಾರ್ ಅಣ್ಣಾ? ನಾನೇ ಹೋತೆ" ಎಂದರು ಸರಸಕ್ಕ.

ಶಿರಾಲಿಯಲ್ಲಿ ಆದದ್ದನ್ನು ಅವರೇ ಆಮೇಲೆ ನಮಗೆ ಹೇಳಿದ್ದು. ಗಣಪ ಅಂಗಳದಲ್ಲಿ ಬಲೆ ಬಿಡಿಸುತ್ತಿದ್ದ. ಸಹಿಗೆಂದು ಸರಸಕ್ಕ ಬರೆಸಿ ಒಯ್ದಿದ್ದ ಪತ್ರ ನೋಡಿ ನಕ್ಕ.

"ಹೆಣ್ ಮಗಿಗೆ ಚಡ್ಡಿ ಹಾಕ್ಸಿ ಕುಣ್ಸುಕೆ ಮಾವ ಸಾಕಿತ್ತ್. ಈಗ ಅಪ್ಪ ಬೇಕಾಯ್ತಾ?"

ಪತ್ರವನ್ನು ಹರಿದ. ಸರಸಕ್ಕನ ಜುಟ್ಟು ಹಿಡಿದು ಎಳೆದು ಮುಖವನ್ನು ತೆಂಗಿನ ಮರಕ್ಕೆ ಜಜ್ಜಿದ. ಬಿದ್ದ ಮೇಲೆ ಹೊಟ್ಟೆಗೆ ಒದ್ದ. ನೆರೆಯವರು ಬೇಲಿಯಾಚೆ ನಿಂತು ನೋಡಿದರು. ಸರಸಕ್ಕ ಎದ್ದು, ಉಗುಳಿದ ಹಲ್ಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ನೇರ ಪೊಲೀಸ್ ಠಾಣೆಗೆ ನಡೆದರು. ಬೆರಳು ಮುರಿದದ್ದರಿಂದ ಹಿಡಿದು ಎಲ್ಲವನ್ನೂ ಬರೆಸಿದರು.

ಶನಿವಾರ ಆ ದೂರಿನ ಪ್ರತಿಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟರು.

"ಅಮ್ಮ, ನಾನು ಕೇಳಿದ್ದು ತಂದೆಯ ಪತ್ರ. ಇದು ದೂರು."

"ಅದ್ರಗೇ ಬರ್ದಿತ್, ಕಾಣಿ ಸಾರ್. ಮೇ ತಿಂಗ್ಳಿಂದ ನಾನೂ ಮಗ್ಳೂ ಉಪ್ಪುಂದದಗೇ ಇಪ್ಪುದ್. ಜೀವ ಉಳ್ಸ್ಕಂಬುಕ್ ಬಂದದ್, ಕಬಡ್ಡಿಗಲ್ಲ." ಬಾತ ದವಡೆಯಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

ಅಧಿಕಾರಿ ಎರಡು ಸಲ ಓದಿ, ಅವರ ಮುಖ ನೋಡಿ, ಆಡಬಹುದೆಂದು ಬರೆದರು.

ಬ್ರಹ್ಮಾವರದಲ್ಲಿ ನವ್ಯಾಳ ಮೊದಲ ದಾಳಿಯಲ್ಲೇ ಎದುರಾಳಿ ತಂಡದ ಐವರು ಅವಳನ್ನು ಕೆಡವಿ ಮೇಲೆ ಬಿದ್ದರು. ಒಬ್ಬಳ ಮೊಣಕಾಲು ತಾಗಿ ಮೂಗಿನಿಂದ ರಕ್ತ ಸುರಿಯಿತು. ಸರಸಕ್ಕ ಗೆರೆ ದಾಟಿ ಅಂಕಣದೊಳಗೆ ಓಡಿದರು.

"ಬಿಡಿ ಅವ್ಳನ್ನ! ಬಿಡಿ!"

ರಾಶಿಯ ಅಡಿಯಿಂದ ನವ್ಯಾಳ ಕೈ ಮಧ್ಯದ ಗೆರೆಯನ್ನು ಮುಟ್ಟಿತ್ತು.

"ಅಮ್ಮಾ, ಹೊರಗ್ ಹೋಗ್ ನೀನ್" ಎಂದಳು ಅವಳು, ರಕ್ತ ಒರೆಸಿಕೊಂಡು. "ಗೆರೆ ಮುಟ್ಟಿದೆ, ಐದ್ ಜನ್ವೂ ಔಟ್. ಐದೂ ಪಾಯಿಂಟ್ ನಮ್ದೇ."