ಹೆಲ್ವಿಗಾಗಿ ಆರ್ವೊ ಜೋಡಿಸಿದ ಕಂಪ್ಯೂಟರು

ಆರ್ವೊ ಮುಸ್ತೋನೆನ್ ಮೂವತ್ತೆಂಟು ವರ್ಷ ಫಿನ್ಲೆಂಡಿನ ನಮ್ಮ ಕಾಯಾನಿ ಊರಿನ ಕಾಗದದ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡಿದವನು. ಓಡುತ್ತಿರುವ ಯಂತ್ರದ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು, ಒಳಗೆ ಯಾವ ಬೇರಿಂಗು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಹಾಗೆ ಕೇಳಿ ಕೇಳಿಯೇ ಎಡಗಿವಿ ಅರ್ಧ ಹೋಗಿತ್ತು. ಅವನೂ ಅವನ ಹೆಂಡತಿ ಹೆಲ್ವಿಯೂ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದಾರೆ, ನಾನು ಎರಡನೆಯದರಲ್ಲಿ. ನಾನು ಊರಿಗೆಲ್ಲ ಅಂಚೆ ಹಂಚುತ್ತಿದ್ದವಳು. ಕಟ್ಟಡದ ಸೌನಾದಲ್ಲಿ, ಆ ಬಿಸಿ ಹಬೆಯ ಕೋಣೆಯಲ್ಲಿ, ಶುಕ್ರವಾರದ ಹೆಂಗಸರ ಸರದಿಗೆ ಹೆಲ್ವಿಯೂ ನಾನೂ ಮೂವತ್ತು ವರ್ಷ ಒಂದೇ ಹಲಗೆಯ ಮೇಲೆ ಬೆವರಿದ್ದೇವೆ. ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದವಳು, ಗಿರಾಕಿಯ ಕೈಗೆ ಬಟ್ಟೆ ಕೊಡುವಷ್ಟರಲ್ಲಿ ಅವರ ಮನೆಯ ಕತೆಯನ್ನೆಲ್ಲ ಕೇಳಿ, ತನ್ನದನ್ನೂ ಹೇಳಿ ಮುಗಿಸುವವಳು. ಆ ಮನೆಯಲ್ಲಿ ಮಾತೆಲ್ಲ ಅವಳದು, ಆರ್ವೊನದು ಹೂಂಗುಟ್ಟುವ ಪಾಲು.

ಆ ವರ್ಷ ಆಗಸ್ಟಿನಲ್ಲಿ ಬ್ಲೂಬೆರಿ ಕೀಳಲು ಕಾಡಿಗೆ ಹೋಗಿದ್ದ ಹೆಲ್ವಿ ಬಕೆಟ್ಟಿನ ಪಕ್ಕದಲ್ಲೇ ಕುಸಿದಳು. ಮಿದುಳಿನಲ್ಲಿ ರಕ್ತ ಕಟ್ಟಿಕೊಂಡಿತ್ತು. ಆರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಬಲಗೈ ಬಲಗಾಲುಗಳಲ್ಲಿ ಅರ್ಧ ಬಲ ಉಳಿದಿತ್ತು. ಬಲಗಡೆಯ ನೋಟ ಮಂಜಾಗಿತ್ತು. ಮಾತು ಹೋಗಿತ್ತು. ತಿಳಿವಳಿಕೆಗೆ ಏನೂ ಆಗಿರಲಿಲ್ಲ; ಯಾರು ಏನು ಹೇಳಿದರೂ ಗೊತ್ತಾಗುತ್ತಿತ್ತು, ಮೊದಲಿನ ಹಾಗೇ ಕಣ್ಣಲ್ಲೇ ಗೇಲಿ ಮಾಡುತ್ತಿದ್ದಳು. ಆದರೆ ಚಮಚ ಬೇಕೆಂದು ಬಾಯಿ ತೆರೆದರೆ ‘ಬಸ್ಸು’ ಎಂದು ಬರುತ್ತಿತ್ತು. ಬಂದದ್ದು ತಪ್ಪೆಂದು ಅವಳಿಗೇ ಮೊದಲು ಗೊತ್ತಾಗುತ್ತಿತ್ತು. ಅದೇ ಕಷ್ಟ.

ಮಾತು ಕಲಿಸಲು ವಾರಕ್ಕೆರಡು ಸಲ ತೂಲಿಕ್ಕಿ ಎಂಬ ಹುಡುಗಿ ಬರುತ್ತಿದ್ದಳು. ಅವಳು ಒಂದು ಸಣ್ಣ ಲ್ಯಾಪ್‌ಟಾಪನ್ನು ಎರವಲು ತಂದಿದ್ದಳು. ಪರದೆಯ ಮೇಲೆ ಕೀಲಿಕೈಯ ಚಿತ್ರ ಬರುತ್ತದೆ, ಹೆಲ್ವಿ ಮೈಕಿನಲ್ಲಿ ‘ಕೀಲಿಕೈ’ ಎನ್ನಬೇಕು. ಸರಿಯಾದರೆ ಹಸಿರು ದೀಪ. ದಿನಕ್ಕೆ ಒಂದು ಗಂಟೆ ಬಿಡದೆ ಮಾಡಿದರೆ ಪದಗಳು ಒಂದೊಂದಾಗಿ ಮರಳಬಹುದು ಎಂದಿದ್ದಳು. ಆದರೆ ಆ ಪರದೆ ಅಂಗೈಯಗಲ, ಅರ್ಧ ಚಿತ್ರ ಹೆಲ್ವಿಗೆ ಕಾಣುತ್ತಲೇ ಇರಲಿಲ್ಲ. ಮೇಲಾಗಿ ನವೆಂಬರಿನ ಕೊನೆಗೆ ಅದನ್ನು ವಾಪಸು ಕೊಡಬೇಕಿತ್ತು.

“ನಾನೇ ಒಂದು ಕಟ್ತೀನಿ,” ಎಂದ ಆರ್ವೊ.

“ಅಂಗಡೀಲಿ ರೆಡಿ ಸಿಗತ್ತಲ್ಲೋ,” ಎಂದೆ ನಾನು.

“ರೆಡಿ ಕಾಫೀನೂ ಸಿಗತ್ತೆ. ಕುಡೀತೀಯಾ?”

“ನಿನ್ನ ಕಾಫಿಗಿಂತ ಅದೇ ವಾಸಿ.”

“ಬೀದಿಯಷ್ಟುದ್ದದ ಯಂತ್ರ ನೋಡ್ಕೊಂಡೋನು ಕಣೇ ಐಲಾ ನಾನು. ಇದೇನು, ಒಂದು ತಗಡಿನ ಡಬ್ಬಿ.”

ಆಗಸ್ಟಿನಿಂದ ಅವನು ಹೆಲ್ವಿಗಾಗಿ ಮಾಡಬಹುದಾದ್ದು ತೀರಾ ಕಡಿಮೆ ಇತ್ತು. ಮಾತಾಡಿ ಸಮಾಧಾನ ಮಾಡುವ ಜಾಯಮಾನ ಅವನದಲ್ಲ. ಆ ದೊಡ್ಡ ಕೈಗಳಿಗೆ ಒಂದು ಕೆಲಸ ಬೇಕಾಗಿತ್ತು.

ಭಾಗಗಳು ಡಿಸೆಂಬರಿನ ಮೊದಲ ವಾರ ಪಾರ್ಸೆಲಿನಲ್ಲಿ ಬಂದವು. ಆರ್ವೊ ಮೂರು ದಿನ ಪುಸ್ತಿಕೆಗಳನ್ನು ಓದಿದ, ನಾಲ್ಕನೆಯ ದಿನ ಜೋಡಿಸಲು ಕೂತ. ಹೆಲ್ವಿ ಪಕ್ಕದಲ್ಲಿ ಕೂತು ಎಡ ಅಂಗೈಯಲ್ಲಿ ಸ್ಕ್ರೂಗಳನ್ನು ಹಿಡಿದುಕೊಂಡಿದ್ದಳು. ಅವನು ಕೈ ಚಾಚಿದರೆ ಒಂದು ಸ್ಕ್ರೂ. ಒಮ್ಮೆ ಬೇಕೆಂದೇ ತನ್ನ ಕೋಟಿನ ಗುಂಡಿಯೊಂದನ್ನು ಇಟ್ಟಳು. ಅವನು ಅದನ್ನು ತಿರುಗಿಸಲು ಹೋಗಿ, ಕನ್ನಡಕ ಸರಿಮಾಡಿಕೊಂಡು ನೋಡಿದ. ಕಾಡಿನಲ್ಲಿ ಕುಸಿದ ಮೇಲೆ ಹೆಲ್ವಿ ಗಟ್ಟಿಯಾಗಿ ನಕ್ಕಿದ್ದು ಅದೇ ಮೊದಲು. ಸಂಜೆ ಹೊತ್ತಿಗೆ ಫ್ಯಾನು ತಿರುಗಿತು, ದೊಡ್ಡ ಪರದೆ ಬೆಳಗಿತು. ಹಜಾರದ ಮೂಲೆಯಲ್ಲಿ, ಪುಸ್ತಕದ ಬೀರುವಿನ ಪಕ್ಕ, ಹೆಲ್ವಿಯ ಪ್ರೀತಿಯ ಕೆಂಪು ರತ್ನಗಂಬಳಿಯ ಮೇಲೆ ಮೇಜು ಹಾಕಿದರು.

ಮೂರನೆಯ ದಿನ ಅದು ಸತ್ತಿತು. ಹೆಲ್ವಿ ಹದಿನಾಲ್ಕನೆಯ ಚಿತ್ರದಲ್ಲಿದ್ದಳು. ಪರದೆ ನೀಲಿಯಾಯಿತು, ಏನೋ ಅಕ್ಷರಗಳು ಬಂದವು, ಯಂತ್ರ ತಾನೇ ಆರಿ ತಾನೇ ಹೊತ್ತಿಕೊಂಡಿತು. ಅಷ್ಟು ಹೊತ್ತಿನ ಅಭ್ಯಾಸವೆಲ್ಲ ಅಳಿಸಿಹೋಗಿತ್ತು. ಮತ್ತೆ ಮೊದಲ ಚಿತ್ರದಿಂದ ಶುರು.

“ಹೊಸದು ನೋಡು, ಹೊಂದ್ಕೋಬೇಕು,” ಎಂದ ಆರ್ವೊ. ಮಾರನೆಯ ದಿನ ಎರಡು ಸಲ ಸತ್ತಿತು.

ಗಿರಣಿಯಲ್ಲಿ ಅವನು ಕಲಿತದ್ದು ಒಂದೇ ಸೂತ್ರ: ಒಂದು ಹೊತ್ತಿಗೆ ಒಂದನ್ನೇ ಬದಲಿಸು, ಬದಲಿಸಿದ್ದನ್ನು ಬರೆದಿಡು. ನೀಲಿ ರಟ್ಟಿನ ನೋಟುಬುಕ್ಕೊಂದನ್ನು ತೆಗೆದ. ಮೊದಲು ಮೆಮೊರಿಯ ಪಟ್ಟಿಗಳೆರಡರಲ್ಲಿ ಒಂದನ್ನು ಕಿತ್ತು ಓಡಿಸಿದ, ಆಮೇಲೆ ಅದನ್ನು ಹಾಕಿ ಇನ್ನೊಂದನ್ನು ಕಿತ್ತ. ಇಡೀ ದಿನ ಪರೀಕ್ಷೆ ನಡೆಸಿದರೂ ಒಂದು ತಪ್ಪೂ ಸಿಗಲಿಲ್ಲ. ಪ್ರೊಸೆಸರ್ ಬಿಸಿಯಾಗುತ್ತಿರಬಹುದೆಂದು ಅದರ ಮೇಲಿನ ಫ್ಯಾನು ಬಿಚ್ಚಿ, ಬಿಸಿ ಎಳೆದುಕೊಳ್ಳುವ ಅಂಟನ್ನು ಒರೆಸಿ ಹೊಸದಾಗಿ ಹಚ್ಚಿದ. ಕೈಯಿಟ್ಟರೆ ಉಗುರುಬೆಚ್ಚಗಿನ ಹಾಲಿನಷ್ಟೂ ಬಿಸಿಯಿರಲಿಲ್ಲ. ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿದ. ಅಂಗಡಿಯವರಿಗೆ ಫೋನ್ ಮಾಡಿದ. ಅವರು ಪಾಪ, ಕರೆಂಟು ಹಂಚುವ ಪೆಟ್ಟಿಗೆಯನ್ನೇ ಹೊಸದು ಕಳಿಸಿಕೊಟ್ಟರು. ಅದನ್ನೂ ಹಾಕಿದ.

ತಾನು ಕೂತು ನೋಡಿದರೆ ಎರಡು ದಿನ ಸತತ ಓಡುತ್ತಿತ್ತು. ಹೆಡ್‌ಫೋನ್ ತಲೆಗೆ ಹಾಕಿಕೊಂಡು, ಮೈಕಿನಲ್ಲಿ “ಕೀಲಿಕೈ, ಬಾಚಣಿಗೆ, ಹಸು” ಎಂದು ಗಟ್ಟಿಯಾಗಿ ಹೇಳಿ ಎಲ್ಲಕ್ಕೂ ಹಸಿರು ದೀಪ ಪಡೆಯುತ್ತಿದ್ದ. ಕೆಳಗೆ ನನ್ನ ಮನೆಯವರೆಗೂ ಕೇಳಿಸುತ್ತಿತ್ತು.

“ಏನೋ, ಒಂದನೇ ಕ್ಲಾಸು ಪಾಸಾದ್ಯಾ?” ಎಂದು ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದೆ.

“ಆದೆ. ಹಸೂಗೆ ಮಾತ್ರ ಎರಡು ಸಲ ಹೇಳಿಸ್ತು.”

ಹೆಲ್ವಿ ಕೂತರೆ ಒಂದು ಗಂಟೆಯೊಳಗೆ ನೀಲಿ ಪರದೆ.

ಜನವರಿಯ ಎರಡನೆಯ ವಾರ, ಹೊರಗೆ ಮೈನಸ್ ಇಪ್ಪತ್ತೆಂಟು ಡಿಗ್ರಿ ಚಳಿಯಿದ್ದ ಒಂದು ಮಧ್ಯಾಹ್ನ, ನಾನು ಏಲಕ್ಕಿ ಬನ್ನು ಮಾಡಿಕೊಂಡು ಮೇಲೆ ಹೋದೆ. ಹೆಲ್ವಿ ಮೂವತ್ತೊಂದನೆಯ ಚಿತ್ರದಲ್ಲಿದ್ದಳು. ಅಷ್ಟು ದೂರ ಅವಳು ಎಂದೂ ಬಂದಿರಲಿಲ್ಲ. ಪರದೆಯ ಮೇಲೆ ಏಣಿ. ಅವಳ ತುಟಿ ತಡಕಾಡಿತು. “ಏ… ಏಣ…” ಎಂದಳು. ಹೆಡ್‌ಫೋನ್ ಸರಿಮಾಡಿಕೊಳ್ಳಲು ಕೈಯೆತ್ತಿದಳು. ಪರದೆ ನೀಲಿಯಾಯಿತು.

ಆಮೇಲೆ ಆರ್ವೊ, ನೋಟುಬುಕ್ಕು ನೋಡುತ್ತ, ತನಗೆ ತಾನೇ ಅಂದುಕೊಂಡ ಹಾಗೆ, “ನಾನು ಕೂತ್ರೆ ಏನೂ ಆಗಲ್ಲ,” ಎಂದ.

ಅವನು ಹೇಳಿದ್ದು ಯಂತ್ರದ ವಿಷಯ. ಹೆಲ್ವಿ ಕೇಳಿಸಿಕೊಂಡದ್ದು ಬೇರೆ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಎಡಗೈಯಿಂದ ತನ್ನ ಎದೆ ಮುಟ್ಟಿಕೊಂಡಳು. “ಕೆಟ್ಟು,” ಎಂದಳು. “ನಾನು. ಕೆಟ್ಟು.” ಆ ಎರಡು ಪದ ಮಾತ್ರ ತಡವರಿಸದೆ ಬಂದವು.

“ಅಯ್ಯೋ ಇಲ್ಲ ಕಣೇ, ನಾನು ಹೇಳಿದ್ದು…” ಎಂದು ಆರ್ವೊ ಎದ್ದ. ಅವಳು ಆಗಲೇ ಕಾಲೆಳೆಯುತ್ತ ಮಲಗುವ ಕೋಣೆಗೆ ಹೋಗಿದ್ದಳು.

ನಾಲ್ಕು ದಿನ ಅವಳು ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. ತೂಲಿಕ್ಕಿ ಬಂದು ಕರೆದರೂ ಬೇಡವೆಂದು ತಲೆಯಾಡಿಸಿದಳು. ಆರ್ವೊ ನನ್ನ ಅಡುಗೆಮನೆಗೆ ಬಂದು ಕೂತ. ನೋಟುಬುಕ್ಕಿನಲ್ಲಿ ಹನ್ನೊಂದು ಪುಟ ತುಂಬಿತ್ತು.

“ಮದರ್‌ಬೋರ್ಡೊಂದೇ ಉಳಿದಿರೋದು,” ಎಂದ. “ಅದನ್ನೂ ಬದಲಾಯಿಸ್ತೀನಿ.”

“ಅದಿರ್ಲಿ. ಅವಳ ಹತ್ರ ಮಾತಾಡಿದ್ಯಾ?”

“ಏನಂತ ಮಾತಾಡ್ಲಿ? ನಲವತ್ತಾರು ವರ್ಷ ಮಾತೆಲ್ಲ ಅವಳೇ ಆಡಿದ್ಳು. ನನಗೆ ಅಭ್ಯಾಸ ಎಲ್ಲಿದೆ?”

ಅವನನ್ನು ಎಬ್ಬಿಸಿಕೊಂಡು ಮೇಲೆ ಹೋದೆ. ಹೆಲ್ವಿ ಹಜಾರದಲ್ಲಿ ನಿಂತಿದ್ದಳು, ಕಾದಿದ್ದವಳ ಹಾಗೆ. ನನ್ನ ತೋಳು ಹಿಡಿದಳು. ಕಂಪ್ಯೂಟರಿನ ಕಡೆ ಬೆರಳು ಮಾಡಿ, “ಬೆಕ್ಕು,” ಎಂದಳು.

“ಬೆಕ್ಕಾ?”

“ಬೆಕ್ಕು. ಬೆಕ್ಕು. ಮಿರ್ರಿ.”

ಮಿರ್ರಿ ಅವರ ಬೂದು ಬಣ್ಣದ ಬೆಕ್ಕು. ಸತ್ತು ಆರು ವರ್ಷವಾಗಿತ್ತು. ಆರ್ವೊನ ಮುಖ ಸಣ್ಣದಾಯಿತು. ಅವಳ ಮನಸ್ಸು ಹಿಂದಕ್ಕೆ ಹೋಗಿಬಿಟ್ಟಿತೇ ಎಂದು ನನಗೂ ಹೆದರಿಕೆಯಾಯಿತು.

“ಬೆಕ್ಕು ಬೇಕೇನೇ?” ಎಂದ ಅವನು ಮೆಲ್ಲಗೆ. “ತರೋಣ. ಪ್ರಾಣಿಗಳ ಆಶ್ರಯಧಾಮದಲ್ಲಿ ಎಷ್ಟೋ ಇವೆ. ನಾಳೆಯೇ ಹೋಗೋಣ.”

ಹೆಲ್ವಿಗೆ ಸಿಟ್ಟು ಬಂತು. ಒಳ್ಳೆಯ ಸಿಟ್ಟು, ಹಳೆಯ ಹೆಲ್ವಿಯದು. ಇಂಥ ದಡ್ಡರ ಜೊತೆ ಏನು ಮಾಡಲಿ ಎನ್ನುವ ಹಾಗೆ ನಮ್ಮಿಬ್ಬರನ್ನೂ ನೋಡಿ, ಕುರ್ಚಿಯ ಮೇಲೆ ಕೂತಳು. ಉಣ್ಣೆಯ ಕಾಲುಚೀಲ ಹಾಕಿದ ಬಲಪಾದವನ್ನು ರತ್ನಗಂಬಳಿಯ ಮೇಲೆ ಹಿಂದಕ್ಕೆ ಮುಂದಕ್ಕೆ ಉಜ್ಜತೊಡಗಿದಳು. ಕಾಲಿಗೆ ಬಲ ಬರಲೆಂದು ಹಾಗೆ ಮಾಡಲು ಆಸ್ಪತ್ರೆಯವರೇ ಹೇಳಿಕೊಟ್ಟಿದ್ದರು. ಕೂತಲ್ಲೆಲ್ಲ ಅವಳು ಮಾಡುತ್ತಲೇ ಇರುತ್ತಿದ್ದಳು. ಹತ್ತು ಸಲ, ಇಪ್ಪತ್ತು ಸಲ ಉಜ್ಜಿದಳು. ಆಮೇಲೆ ಆರ್ವೊನನ್ನು ಹತ್ತಿರ ಕರೆದು, ತನ್ನ ತೋರುಬೆರಳನ್ನು ಅವನ ಮೂಗಿನ ತುದಿಗೆ ತಂದಳು.

ಚಟ್ ಎಂದಿತು. ಸಣ್ಣ ನೀಲಿ ಕಿಡಿ ನನಗೂ ಕಾಣಿಸಿತು. ಆರ್ವೊ ಮೂಗು ಹಿಡಿದುಕೊಂಡು ಹಿಂದೆ ಸರಿದ.

“ಬೆಕ್ಕು,” ಎಂದಳು ಹೆಲ್ವಿ.

ಆಗ ನೆನಪಾಯಿತು. ಚಳಿಗಾಲದಲ್ಲಿ ಮಿರ್ರಿಯನ್ನು ತೊಡೆಯ ಮೇಲಿಟ್ಟು ಸವರುತ್ತ ಕೂತರೆ, ಕೊನೆಗೆ ಅದರ ಮೂಗು ಮುಟ್ಟಿದಾಗ ಹೀಗೇ ಕಿಡಿ ಹಾರುತ್ತಿತ್ತು. ಬೆಕ್ಕು ಸೀನಿ ಇಳಿದುಹೋಗುತ್ತಿತ್ತು, ಇವಳು ನಗುತ್ತಿದ್ದಳು. ಹೆಡ್‌ಫೋನಿನ ಕಬ್ಬಿಣದ ಪಟ್ಟಿ ಮುಟ್ಟಿದಾಗಲೆಲ್ಲ ಅವಳ ಬೆರಳಿಗೆ ಅದೇ ಕಿಡಿ ತಾಗಿತ್ತು, ಅದರ ಹಿಂದೆಯೇ ಪರದೆ ನೀಲಿಯಾಗಿತ್ತು. ಕಾರಣ ಅವಳಿಗೆ ಗೊತ್ತಾಗಿತ್ತು. ಅದನ್ನು ಹೇಳಲು ಸಿಕ್ಕಿದ ಪದ ಅದೊಂದೇ. ಆರ್ವೊ ಮನೆಯಲ್ಲಿ ಯಾವಾಗಲೂ ಬರಿಗಾಲು, ಅವನಿಗೆ ಯಾವ ಕಿಡಿಯೂ ಹಾರುತ್ತಿರಲಿಲ್ಲ.

ಆದರೆ ಆರ್ವೊ ಅಲ್ಲಿಗೇ ನಿಲ್ಲಲಿಲ್ಲ. “ಸರಿಯಾಗಿ ಅರ್ಥಿಂಗ್ ಇದ್ರೆ ಇಷ್ಟಕ್ಕೆಲ್ಲ ಯಂತ್ರ ಸಾಯಲ್ಲ,” ಎಂದು ಗೊಣಗುತ್ತ ಬೀರುವನ್ನು ಎಳೆದು ಹಿಂದೆ ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವನ ಕೈಯಲ್ಲಿ ಕಂದು ಬಣ್ಣದ ಹಳೆಯ ವೈರಿನ ತುದಿಯಿತ್ತು.

ನಮ್ಮ ಕಟ್ಟಡ ಹಳೆಯದು. ಅಡುಗೆಮನೆಯ ಸಾಕೆಟ್ಟುಗಳಿಗೆ ಮಾತ್ರ ಅರ್ಥಿಂಗ್ ಇದೆ. ಹಜಾರದ ಸಾಕೆಟ್ಟುಗಳಿಗೆ ಇಲ್ಲ, ಹೊಸ ಪ್ಲಗ್ಗು ಅದರೊಳಗೆ ಕೂರುವುದೂ ಇಲ್ಲ. ಎಂದೋ ಒಮ್ಮೆ, ಟಿವಿಗೆಂದು, ಆರ್ವೊ ಒಂದು ಎಕ್ಸ್‌ಟೆನ್ಷನ್ ವೈರಿನ ಪ್ಲಗ್ಗಿನ ಅಂಚನ್ನು ಅರದಿಂದ ಉಜ್ಜಿ ಸಣ್ಣದು ಮಾಡಿ ಒಳಗೆ ತುರುಕಿದ್ದ. ಮೂವತ್ತು ವರ್ಷ ಅದು ಬೀರುವಿನ ಹಿಂದೆ ಹಾಗೇ ಇತ್ತು. ಕಂಪ್ಯೂಟರನ್ನು ಸಿಕ್ಕಿಸಿದ್ದು ಅದಕ್ಕೇ. ಗಿರಣಿಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಇವನೇ ಅವರನ್ನು ಬಾಗಿಲಾಚೆ ಅಟ್ಟುತ್ತಿದ್ದ.

ಅವನು ಹೆಲ್ವಿಯ ಮುಂದೆ ನೆಲದ ಮೇಲೆ ಕೂತ. ವೈರನ್ನು ಅವಳ ತೊಡೆಯ ಮೇಲಿಟ್ಟ.

“ಕೆಟ್ಟಿದ್ದು ನೀನಲ್ಲ,” ಎಂದ. “ಯಂತ್ರಾನೂ ಅಲ್ಲ. ಇದು. ಇದನ್ನ ಮಾಡಿದೋನು ನಾನು.” ವೈರನ್ನೇ ನೋಡುತ್ತ, “ಅವತ್ತು ಹಾಗೆ ಅನ್ನಬಾರದಿತ್ತು. ನಿನ್ನ ವಿಷಯಕ್ಕೆ ಹೇಳಿದ್ದಲ್ಲ ಕಣೇ. ಆದ್ರೂ ಅನ್ನಬಾರದಿತ್ತು,” ಎಂದ.

ನಾನು ಅವನ ಬಾಯಲ್ಲಿ ಒಟ್ಟಿಗೆ ಅಷ್ಟು ಮಾತು ಕೇಳಿದ್ದು ಅದೇ ಮೊದಲು. ಹೆಲ್ವಿ ವೈರನ್ನು ಪಕ್ಕಕ್ಕೆ ಸರಿಸಿ, ಎಡಗೈಯನ್ನು ಅವನ ಬೋಳುತಲೆಯ ಮೇಲಿಟ್ಟಳು. ನಾನು ಕಳೆದ ಸಲ ಬಿಟ್ಟುಹೋಗಿದ್ದ ಬನ್ನಿನ ತಟ್ಟೆ ತೊಳೆಯುವ ನೆಪ ಮಾಡಿಕೊಂಡು ಒಳಗೆ ಹೋದೆ.

ಅಂದೇ ಮೇಜು ಅಡುಗೆಮನೆಗೆ ಬಂತು. ಅಲ್ಲಿ ರತ್ನಗಂಬಳಿಯಿಲ್ಲ, ಗೋಡೆಯಲ್ಲಿ ಸರಿಯಾದ ಸಾಕೆಟ್ಟಿದೆ. ಪರದೆ ಎಷ್ಟು ದೊಡ್ಡದೆಂದರೆ ಕಿಟಕಿಯ ಅರ್ಧ ಮುಚ್ಚಿತು. ಊಟಕ್ಕೆ ಜಾಗ ಉಳಿಯದೆ ಗಂಡಹೆಂಡತಿ ಸೂಪಿನ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಉಣ್ಣುತ್ತಿದ್ದರು. ಮೊದಲ ದಿನ ನಾವು ಮೂವರೂ ಉಸಿರು ಬಿಗಿಹಿಡಿದು ಕೂತೆವು. ಮೂವತ್ತೊಂದು ದಾಟಿತು, ನಲವತ್ತು ದಾಟಿತು. ಅರವತ್ತನೆಯ ಚಿತ್ರಕ್ಕೆ ಅಭ್ಯಾಸ ಮುಗಿದು ಪಟಾಕಿಯ ಚಿತ್ರ ಬಂತು. ಅಂಥದೊಂದು ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಆರ್ವೊ ನೋಟುಬುಕ್ಕಿನಲ್ಲಿ ತಾರೀಕು ಬರೆದು, ‘ಓಡುತ್ತಿದೆ. ಪತ್ತೆ ಮಾಡಿದವರು: ಹೆಲ್ವಿ’ ಎಂದು ಬರೆದ. ಆ ಚಳಿಗಾಲದಲ್ಲಿ ಅದು ಮತ್ತೆ ಸಾಯಲಿಲ್ಲ.

ಪದಗಳು ಬಂದವು, ಎಲ್ಲವೂ ಅಲ್ಲ. ಉದ್ದ ವಾಕ್ಯ ಇನ್ನು ಬರುವುದಿಲ್ಲವೆಂದು ತೂಲಿಕ್ಕಿ ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ. ಮೇ ತಿಂಗಳ ಹೊತ್ತಿಗೆ ಹೆಲ್ವಿ ಮೀನಿನ ಅಂಗಡಿಯಲ್ಲಿ ತನಗೆ ಬೇಕಾದ್ದನ್ನು ತಾನೇ ಕೇಳಿ ತರುತ್ತಿದ್ದಳು, ನನ್ನ ಹೊಸ ಟೋಪಿ ನೋಡಿ “ಅಣಬೆ” ಎಂದಳು. ಅದು ತಪ್ಪು ಪದವಲ್ಲ, ಬೇಕೆಂದೇ ಅಂದದ್ದು. ಗಂಡನ ಹೆಸರು ಮಾತ್ರ ನಾಲಿಗೆಗೆ ಹತ್ತಲಿಲ್ಲ. ಅವನ ಫೋಟೋವನ್ನೇ ಕಂಪ್ಯೂಟರಿಗೆ ಹಾಕಿ ಅಭ್ಯಾಸ ಮಾಡಿಸಿದರೂ ‘ಗುರುವಾರ’ ಎಂದೇ ಬರುತ್ತದೆ. ಮೊದಮೊದಲು ಅವಳು ನೊಂದುಕೊಳ್ಳುತ್ತಿದ್ದಳು. ಅವನು ಅದೇ ತನ್ನ ಹೆಸರೆಂಬಂತೆ ಓಗೊಡುತ್ತಾ ಬಂದ.

ಮೊನ್ನೆ ಮೂವರೂ ನದಿಯ ದಂಡೆಗೆ ಹೋಗಿದ್ದೆವು. ಆರ್ವೊ ಐಸ್‌ಕ್ರೀಮಿನ ಗಾಡಿಯ ಮುಂದೆ ಸಾಲಿನಲ್ಲಿದ್ದ. ಹೆಲ್ವಿ ಬೆಂಚಿನಿಂದಲೇ ದನಿಯೆತ್ತಿ, “ಗುರುವಾರ,” ಎಂದು ಕರೆದಳು. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು, ಅಂದು ಭಾನುವಾರ.

“ಏನೇ?” ಎಂದು ಆರ್ವೊ ತಿರುಗಿದ.

“ನಿಂಬೆ,” ಎಂದಳು ಅವಳು. “ನನಗೆ. ನಿಂಬೆ.”