ಸೊಂಟದ ಬೀಗದ ಕೈ

ನಮ್ಮ ಡಾಕ್ಟರ್ ಸೀತಾರಾಮಯ್ಯನವರು ಯಾರೊಡನೆ ಮಾತಾಡುತ್ತಿದ್ದರೂ ನಡುನಡುವೆ ಹೆಬ್ಬೆರಳಿನಿಂದ ಸೊಂಟ ಒತ್ತಿ ನೋಡಿಕೊಳ್ಳುತ್ತಿದ್ದರು. ಪಾಪ, ಡಾಕ್ಟರಿಗೇ ಸೊಂಟನೋವು ಎಂದು ಅಜ್ಜಂಪುರದ ಜನ ಮರುಗುತ್ತಿದ್ದರು. ಅಲ್ಲಿ ಉಡಿದಾರಕ್ಕೆ, ನೋವು ಮರೆಸುವ ಮಾರ್ಫಿಯಾ ಇಟ್ಟ ಬೀರುವಿನ ಬೀಗದ ಕೈ ಕಟ್ಟಿಕೊಂಡಿದ್ದಾರೆಂಬುದು ಆಸ್ಪತ್ರೆಯ ನರ್ಸ್ ಆಗಿದ್ದ ನನಗೊಬ್ಬಳಿಗೇ ಗೊತ್ತಿತ್ತು.

ಐವತ್ತರ ದಶಕದ ಬಹುಪಾಲು ಅವರ ಕೈಕೆಳಗೆ ದುಡಿದೆ. ಒಳ್ಳೆಯ ಮನುಷ್ಯ. ಹೆರಿಗೆ ಕಷ್ಟವಾಗಿದೆ ಎಂದರೆ ದೂರದ ಅಂತರಘಟ್ಟೆಗೂ ಸೈಕಲ್ ತುಳಿಯುವರು, ಆ ಮನೆಯವರು ಕೊಟ್ಟ ರೊಟ್ಟಿ ತಿಂದು ಹಾಡು ಗುನುಗುತ್ತ ಬರುವರು. ನನ್ನ ಮೇಲೆ ರೇಗಿದರೆ ಐದು ನಿಮಿಷದಲ್ಲಿ ತಾವೇ ಕಾಫಿ ತರಿಸುವರು. ಆದರೆ ಮಾರ್ಫಿಯಾ ವಿಷಯಕ್ಕೆ ಬಂದರೆ ಕಲ್ಲು.

"ಬೆಳಿಗ್ಗೆ ಆರಕ್ಕೊಂದು, ಸಾಯಂಕಾಲ ಆರಕ್ಕೊಂದು. ಅದರ ಮೇಲೆ ಕೊಟ್ರೆ ಚಟ ಹಿಡಿಯುತ್ತೆ ಸಿಸ್ಟರ್. ನಮ್ಮ ಮೇಷ್ಟ್ರು ಮೇಜು ಗುದ್ದಿ ಗುದ್ದಿ ಹೇಳಿಕೊಟ್ಟಿದ್ದಾರೆ."

ಆಸ್ಪತ್ರೆಯ ಎದುರು ಸಾಲಿನ ಮನೆಯಲ್ಲಿ ಟೈಲರ್ ಸಾಹೇಬರ ಹೆಂಡತಿ ಅಮೀನಾಬಿ ಮಲಗಿದ್ದಳು. ಎದೆಯ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಆ ಹೆಸರನ್ನು ಅವಳ ಮುಂದೆ ಯಾರೂ ಎತ್ತುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಅದು ಬರೀ ಹುಣ್ಣು. ಬೆಳಗಿನ ಸೂಜಿಯ ಸುಖ ಹತ್ತು ಗಂಟೆಗೆಲ್ಲ ಮುಗಿಯುತ್ತಿತ್ತು. ಆಮೇಲೆ ಅವಳು ಸೆರಗು ಕಚ್ಚಿಕೊಂಡು ಸಂಜೆ ಕಾಯಬೇಕು. ನೋಡಲಾರದೆ ಡಾಕ್ಟರು ಮಧ್ಯಾಹ್ನಕ್ಕೆ ಒಂದು ಉಪಾಯ ಹುಡುಕಿದರು: ಬರೀ ಡಿಸ್ಟಿಲ್ಡ್ ವಾಟರ್.

"ಮನಸ್ಸಿಗೆ ಸಮಾಧಾನ ಆಗುತ್ತೆ, ಹಾಕಿ ಬನ್ನಿ" ಎಂದರು. ಹಾಕಿ ಬಂದೆ. ಇಂದಿಗೂ ನನಗೆ ನಾಚಿಕೆ.

ನಾಲ್ಕನೆಯ ದಿನ ಅಮೀನಾಬಿ ನನ್ನ ಕೈ ಹಿಡಿದುಕೊಂಡಳು. "ಸಿಸ್ಟರಮ್ಮಾ, ಇದು ನೀರಲ್ವಾ? ಬೆಳಿಗ್ಗೇದು ಹಾಕಿದ್ರೆ ಬಾಯಿ ಒಣಗ್ತದೆ. ಇದಕ್ಕೆ ಒಣಗಲ್ಲ."

ನಾನು ಇನ್ನೊಂದು ಕೈಯಿಂದ ಸೂಜಿಯನ್ನು ಡಬ್ಬಿಗೆ ಹಾಕಿದೆ.

"ಡಾಕ್ಟರ್ ಸಾಬ್‌ಗೆ ಹೇಳ್ಬೇಡಿ. ಪಾಪ, ಬೇಜಾರ್ ಮಾಡ್ಕೋತಾರೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ನೇರವಾಗಿ ಡಾಕ್ಟರ ಕೋಣೆಗೆ ಹೋಗಿ, ನೀರಿನ ಮಾತೆತ್ತದೆ, ಜಗಳ ತೆಗೆದೆ. "ಹದಿನೈದು ದಿನ ಬದುಕೋಳಿಗೆ ಯಾವ ಚಟ ಸಾರ್? ಚಟ ಮಾಡ್ಕೊಂಡು ಎಲ್ಲಿಗೆ ಹೋಗ್ತಾಳೆ?"

ಅವರ ಹೆಬ್ಬೆರಳು ಸೊಂಟಕ್ಕೆ ಹೋಯಿತು. ಈ ಸಲ ಬೀಗದ ಕೈ ತೆಗೆದೇ ತೆಗೆಯುತ್ತಾರೆ ಎಂದುಕೊಂಡೆ. "ಕಲಿತದ್ದನ್ನ ಬಿಟ್ಟರೆ ನನಗೆ ಬೇರೆ ಏನೂ ಗೊತ್ತಿಲ್ಲ ಸಿಸ್ಟರ್" ಎಂದು ಕೈ ಕೆಳಗಿಳಿಸಿದರು. ಅಮೀನಾಬಿ ಅದಾದ ಹನ್ನೆರಡನೆಯ ದಿನ ಸತ್ತಳು, ಮಧ್ಯಾಹ್ನ, ನೀರಿನ ಸೂಜಿಯಾದ ಮೇಲೆ.

ಕೆಲವು ವರ್ಷಕ್ಕೆ ಡಾಕ್ಟರು ನಿವೃತ್ತರಾಗಿ ತರೀಕೆರೆ ಸೇರಿದರು. ಹೊಟ್ಟೆಯೊಳಗೆ ಅದೇ ಕಾಯಿಲೆ ಎಂದು ತಿಳಿದು ನೋಡಲು ಹೋದೆ. ಹಾಸಿಗೆಯಲ್ಲಿ ಮನುಷ್ಯನಿಗಿಂತ ರಗ್ಗೇ ಹೆಚ್ಚಾಗಿತ್ತು. ಅವರ ಕೈಯಲ್ಲೇ ಪಳಗಿದ ಕಿರಿಯ ಡಾಕ್ಟರೊಬ್ಬ ಚಿಕಿತ್ಸೆ ಮಾಡುತ್ತಿದ್ದ: ಬೆಳಿಗ್ಗೆ ಆರಕ್ಕೊಂದು, ಸಾಯಂಕಾಲ ಆರಕ್ಕೊಂದು.

"ಗಂಟೆ ಎಷ್ಟು?" ಎಂದರು.

"ಮೂರು ಸಾರ್. ಅವನಿಗೆ ಹೇಳಿ ಕಳಿಸ್ತೀನಿ, ಬೇಗ ಬಂದು ಹಾಕ್ಲಿ."

"ಬರಲ್ಲ. ನಾನೇ ಕಲಿಸಿದ್ದು." ಹಲ್ಲು ಕಚ್ಚಿಕೊಂಡು ನೋವಿನ ಒಂದು ಅಲೆ ದಾಟಿಸಿದರು. ಆಮೇಲೆ ಕೇಳಿದರು: "ಆ ಮಧ್ಯಾಹ್ನದ ಸೂಜಿ... ಅಮೀನಾಬಿಗೆ ಸ್ವಲ್ಪನಾದರೂ ಹಿಡೀತಿತ್ತಾ ಸಿಸ್ಟರ್?"

ಕೊಟ್ಟ ಮಾತು ನೆನಪಿತ್ತು. "ಹಿಡೀತಿತ್ತು ಸಾರ್" ಎಂದೆ.

"ಹಾಗಾದರೆ ನನಗೂ ಒಂದು ಹಾಕಿ."

ಅವರ ಹಳೆಯ ಚೀಲದಲ್ಲಿ ಸಿರಿಂಜ್ ಇತ್ತು. ಕುದಿಸಿದೆ, ನೀರು ಎಳೆದೆ, ಎಲುಬಾಗಿದ್ದ ಆ ತೋಳಿಗೆ ಹಾಕಿ ಹತ್ತಿ ಒತ್ತಿದೆ. ಅವರು ಕಣ್ಣು ಮುಚ್ಚಿ, ಪರೀಕ್ಷೆಯ ಫಲಿತಾಂಶ ಕಾಯುವವರಂತೆ ಬಹಳ ಹೊತ್ತು ಕಾದರು.

"ನೀವು ಸುಳ್ಳು ಹೇಳಿದ್ರಿ ಸಿಸ್ಟರ್" ಎಂದರು.

ಆರು ಗಂಟೆಗೆ ಇನ್ನೂ ಎರಡೂವರೆ ಗಂಟೆ ಇತ್ತು.