ಹಳ್ಳದ ಪಕ್ಕ ನನಗೆ ಕೇಳಿಸಿದ್ದ ಕೂಗು

ಅವ್ವ, ಆ ದಿನ ನಿನ್ನ ಕೂಗು ನನಗೆ ಕೇಳಿಸಿತ್ತು. ನನ್ನ ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ — ಇವತ್ತಿಗೂ ಇಲ್ಲ. ಎದುರು ನಿಂತು ಹೇಳಲಾಗದೆ ಇದನ್ನು ಬರೆಯುತ್ತಿದ್ದೇನೆ.

ಮಗ್ಗೆ ಊರಿನಾಚೆಯ ಗುಡ್ಡದ ತಪ್ಪಲಲ್ಲಿ ಲಂಟಾನದ ಪೊದೆ ಕಡಿದು ಮೊದಲು ಗದ್ದೆ ಮಾಡಿದವಳು ನೀನು. ಅಪ್ಪ ತೀರಿಕೊಂಡಿದ್ದರು. "ಆನೆ ಓಡಾಡೋ ಜಾಗ ಐತೆ, ಬ್ಯಾಡ ಕಣಮ್ಮಿ" ಅಂತ ಊರವರು ಹೇಳಿದರೂ ಕೇಳಲಿಲ್ಲ. ಮರ ಉರುಳಿಸುವಾಗ ದಿಮ್ಮಿ ಬಿದ್ದು ಮೊಣಕಾಲು ಸೊಟ್ಟಗಾಯಿತು. ಆಮೇಲೆ ಕೆಸರಿನಲ್ಲಿ ಹಲಗೆ ಹಾಕಿ, ಅದರ ಮೇಲೆ ಕೂತು ಜಾರಿಕೊಂಡೇ ನಾಟಿ ಮಾಡಿದೆ. ನಕ್ಕವರೆಲ್ಲ ಸುಗ್ಗಿಯಲ್ಲಿ ಬಾಯಿ ಮುಚ್ಚಿಕೊಂಡರು.

ಮೊಬೈಲು ಇಲ್ಲದ ಕಾಲ. ಆನೆ ಕಂಡವರು ಕೂ ಹಾಕಬೇಕು, ಕೇಳಿಸಿಕೊಂಡವರು ಓಗೊಡಬೇಕು. ಓಗೊಡದಿದ್ದರೆ ಹುಡುಕಿಕೊಂಡು ಹೋಗಬೇಕು — ಅದು ನಮ್ಮ ಕಡೆಯ ಕಟ್ಟಳೆ. ಆ ಸಂಜೆ ನಾನು ಹಳ್ಳದ ಪಕ್ಕ ಹುಲ್ಲು ಕೊಯ್ಯುತ್ತಿದ್ದೆ. ಮೇಲಿನಿಂದ ನಿನ್ನ ಕೂ ಬಂತು. ಅದೇ ಹೊತ್ತಿಗೆ ನಮ್ಮಿಬ್ಬರ ನಡುವೆ ಬಿದಿರು ಲಟಲಟ ಮುರಿಯಿತು. ಬಾಯಿ ತೆರೆದರೆ ಆನೆ ನನ್ನ ಕಡೆಗೇ ತಿರುಗುತ್ತದೆ ಅಂತ — ಲಂಗದ ತುದಿ ಬಾಯಿಗೆ ತುರುಕಿಕೊಂಡು ಕೂತೆ. ನೀನು ಮತ್ತೆ ಕೂಗಿದೆ. ಮತ್ತೆ. ದನಿ ಹತ್ತಿರ ಬರುತ್ತಿತ್ತು. ಆ ಕಾಲಿನಲ್ಲಿ ನೀನು ನನ್ನನ್ನು ಹುಡುಕಿಕೊಂಡು ಇಳಿಯುತ್ತಿದ್ದೀಯ ಅಂತ ನನಗೆ ಗೊತ್ತಿತ್ತು, ಅವ್ವ. ಆಗಲೂ ಸುಮ್ಮನಿದ್ದೆ.

ಆನೆ ನಿನ್ನನ್ನು ಬದಿಗೆ ಎಸೆದು ಹೋಯಿತು. ಬಲಗೈ ಮುರಿದಿತ್ತು. ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸುವಾಗ ನೀನು ಕೇಳಿದ್ದು ಒಂದೇ.

"ಯಾಕ್ ಮಗ ಓಗೊಡ್ಲಿಲ್ಲ? ಕೇಳುಸ್ಲಿಲ್ವಾ?"

"ಕೇಳುಸ್ಲಿಲ್ಲ ಕಣವ್ವ."

ನೀನು ನಂಬಿಬಿಟ್ಟೆ, ನನ್ನ ಕಿವಿಯೇ ಮಂದ ಅಂದುಕೊಂಡೆ. ಎಡಗೈಯಲ್ಲಿ ಕುಡುಗೋಲು ಹಿಡಿಯಲು ಕಲಿತೆ, ಅದೇ ಕೈಯಲ್ಲಿ ಗುಡ್ಡದ ತುಂಬ ಕಾಫಿ ಗಿಡ ನೆಟ್ಟೆ. ನನ್ನ ಹತ್ತಿರ ಮಾತ್ರ ಗಂಟಲು ಹರಿಯುವಂತೆ ಮಾತಾಡಿದೆ. ನಾನೋ, ಆಗಾಗ ಬೇಕಂತಲೇ "ಆಂ?" ಅನ್ನುತ್ತಿದ್ದೆ — ಸುಳ್ಳು ಎಲ್ಲಿ ಬಯಲಾಗುತ್ತದೋ ಅಂತ. ನಾಚಿಕೆಗೇಡು.

ಮೊನ್ನೆ ಕಣದಲ್ಲಿ ನಿನಗೆ ಬೆನ್ನು ಹಾಕಿ ಕಾಫಿ ಹರವುತ್ತಿದ್ದೆ. ನೀನು ಪಕ್ಕದ ಮನೆಯವಳಿಗೆ ಮೆಲ್ಲಗೆ ಹೇಳಿದೆ: "ಕಿವಿ ಕೇಳ್ದಿರೋ ಮಗೀನ ಒಬ್ಳೇ ಹಳ್ಳುಕ್ಕೆ ಕಳುಸ್ಬುಟ್ಟೆ ಕಣೆ. ನಂದೇ ತಪ್ಪು."

ಇಷ್ಟು ವರ್ಷ ನನ್ನ ಪುಕ್ಕಲುತನವನ್ನು ನಿನ್ನ ತಪ್ಪು ಅಂತ ಹೊತ್ತುಕೊಂಡಿದ್ದೀಯ. ಆಗಲೇ ತಿರುಗಿ ಹೇಳಬೇಕಿತ್ತು. ಮತ್ತೆ ಅದೇ ಹೆದರಿಕೆಗೆ ತಲೆ ತಗ್ಗಿಸಿ ಕಾಫಿ ಹರವುತ್ತಲೇ ಇದ್ದೆ.

ಈಗ ಅಂಗಳದಿಂದ ಊಟಕ್ಕೆ ಕರೆಯುತ್ತಿದ್ದೀಯ, ಎಂದಿನಂತೆ ಕಿರುಚಿ. ಬಂದೆ, ಅವ್ವ. ನಿನ್ನ ಎದುರು ಕೂತು ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಆನೆಗಿಂತ ಈಗ ನಿನ್ನ ಮುಖಕ್ಕೇ ಹೆಚ್ಚು ಹೆದರಿಕೆಯಾಗುತ್ತಿದೆ. ಆದರೂ ಈ ಸಲ ಓಗೊಡುತ್ತೇನೆ.